ಮೀರಾ ರೋಡ್ ಎರಡು ತುಂಡಾದದ್ದು ಯಾಕೆ?

ಪ್ರಶ್ನೆ: ಡೊಂಬಿವಲಿಯ ನಮ್ಮ ಕನ್ನಡ ಸಂಘದ ಸದಸ್ಯರ ಪಟ್ಟಿ ಸ್ಟೇಷನ್‌ವಾರು 14 ಟೆಕ್ಸ್ಟ್ ಫೈಲ್‌ಗಳಲ್ಲಿದೆ. ಹೆಸರೆಲ್ಲ ಇಂಗ್ಲಿಷ್ ಅಕ್ಷರದಲ್ಲಿ. ಒಂದೊಂದನ್ನೂ ಸಾರ್ಟ್ ಮಾಡಿ 'ಒಟ್ಟು.ಟಿಎಕ್ಸ್‌ಟಿ'ಗೆ ಸೇರಿಸಲು ಬ್ಯಾಶ್‌ನಲ್ಲಿ (ಕಮಾಂಡ್ ಟೈಪ್ ಮಾಡಿ ಕೆಲಸ ಮಾಡಿಸುವ ಪ್ರೋಗ್ರಾಂ) ಫಾರ್ ಲೂಪ್ ಬರೆದೆ, ಒಂದೊಂದೇ ಫೈಲಿಗೂ ಅದೇ ಕೆಲಸ ಮಾಡಿಸಲು. ಫೈಲ್ ಪಟ್ಟಿ ಬರುವುದು ಫೈಲ್ ಹೆಸರು ತೋರಿಸುವ ಎಲ್‌ಎಸ್ ಕಮಾಂಡಿನಿಂದ. ಮೀರಾ ರೋಡ್ ಬಂದಾಗ 'ನೋ ಸಚ್ ಫೈಲ್' ಅಂತ ಎರಡು ಸಲ ಬೈಯುತ್ತದೆ. ಕೊನೆಗೆ ಆ ಒಟ್ಟು ಫೈಲ್ ತೆರೆದು ನೋಡಿದರೆ ವಿರಾರ್‌ನವರು ಮಾತ್ರ ಇದ್ದಾರೆ!

ಉತ್ತರ: ಕಾಣೆಯಾದ ಫೈಲ್ ಒಂದು, ಬೈಗುಳ ಎರಡು. ಸುಳಿವು ಅಲ್ಲೇ ಇದೆ, ಅಲ್ವಾ? ದಾದರ್, ಠಾಣೆ, ವಿರಾರ್ ಒಂದೊಂದೇ ಪದ. ಮೀರಾ ರೋಡ್ ನಡುವೆ ಸ್ಪೇಸ್ ಇದೆ. ಎಲ್‌ಎಸ್ ಕೊಟ್ಟದ್ದನ್ನು ಬ್ಯಾಶ್ ಸ್ಪೇಸ್, ಟ್ಯಾಬ್, ಹೊಸ ಸಾಲು ಸಿಕ್ಕಲ್ಲೆಲ್ಲ ಕತ್ತರಿಸುತ್ತದೆ. ಮೊದಲು 'ಮೀರಾ' ಎಂಬ ಫೈಲ್ ಹುಡುಕಿತು, ಆಮೇಲೆ 'ರೋಡ್.ಟಿಎಕ್ಸ್‌ಟಿ'. ಎರಡೂ ಇಲ್ಲ.

ಎಲ್‌ಎಸ್ ಇರುವುದು ನಮ್ಮ ಕಣ್ಣಿಗೆ, ಲೂಪಿನ ಬಾಯಿಗಲ್ಲ. ಅದನ್ನು ಕಿತ್ತುಹಾಕಿ, 'ಇನ್' ಆದಮೇಲೆ ನೇರವಾಗಿ *.ಟಿಎಕ್ಸ್‌ಟಿ (ಅಂದರೆ .ಟಿಎಕ್ಸ್‌ಟಿ ಅಂತ ಮುಗಿಯುವ ಎಲ್ಲ ಫೈಲ್) ಅಂತ ಬರೆಯಿರಿ. ಹೆಸರು ಇಡಿಯಾಗಿ ಬರುತ್ತದೆ. ಇಷ್ಟಕ್ಕೇ ಬಿಟ್ಟರೆ ಮತ್ತೆ ಅದೇ ಬೈಗುಳ. ಸಾರ್ಟ್ ಮುಂದಿನ ಡಾಲರ್ ಎಫ್ (ಲೂಪಿನಲ್ಲಿ ಆಯಾ ಫೈಲಿನ ಹೆಸರು ಹಿಡಿದಿರುವ $f) ಸುತ್ತ ಡಬಲ್ ಕೋಟ್ಸ್ ಹಾಕಲೇಬೇಕು. ಸಿಂಗಲ್ ಕೋಟ್ಸ್ ಬೇಡ. ಹಾಕಿದರೆ 'ಡಾಲರ್ ಎಫ್' ಎಂಬ ಹೆಸರಿನ ಫೈಲನ್ನೇ ಹುಡುಕಿಕೊಂಡು ಹೋಗುತ್ತದೆ.

ವಿರಾರ್ ಕಥೆಯೇ ಬೇರೆ. (ಮುಂಬೈ ಲೋಕಲ್ ರೈಲು ವಿರಾರ್ ಫಾಸ್ಟ್ ಹತ್ತಿದವರಿಗೆ ಬೇರೆಯವರು ಹೊರಗೇ ಉಳಿಯುವುದು ಹೊಸದೇನಲ್ಲ.) ಒಂಟಿ > ಚಿಹ್ನೆ (ಬಂದ ಫಲಿತಾಂಶವನ್ನು ಫೈಲಿಗೆ ಕಳಿಸುವುದು) ಪ್ರತಿ ಸಲವೂ ಫೈಲನ್ನು ಖಾಲಿ ಮಾಡಿಯೇ ಬರೆಯುವುದು. ನೀವು ಅದನ್ನು ಲೂಪಿನ ಒಳಗಿಟ್ಟಿದ್ದೀರಿ. ಹಾಗಾಗಿ ಪ್ರತಿ ಸ್ಟೇಷನ್ನೂ ಹಿಂದಿನದನ್ನು ಒರೆಸುತ್ತಾ ಬಂತು. ಅಕ್ಷರಕ್ರಮದಲ್ಲಿ ಕೊನೆಯ ವಿರಾರ್ ಉಳಿಯಿತು. >> ಹಾಕಿದರೆ ಒರೆಸುವುದಿಲ್ಲ, ಆದರೆ ಎರಡನೇ ಸಲ ಓಡಿಸಿದಾಗ ಹಳೇ ಪಟ್ಟಿಯ ಬೆನ್ನಿಗೇ ಹೊಸದೂ ಅಂಟಿಕೊಳ್ಳುತ್ತದೆ. ನಾನಾದರೆ > ಚಿಹ್ನೆಯನ್ನು ಲೂಪಿನ ಕೊನೆಯ 'ಡನ್' ಪಕ್ಕಕ್ಕೆ ತಳ್ಳುತ್ತೇನೆ. ಫೈಲ್ ಒಂದೇ ಸಲ ತೆರೆಯುತ್ತದೆ.

ಆಗಲೂ ಒಂದು ಗುಂಡಿ ಇದೆ. 'ಒಟ್ಟು.ಟಿಎಕ್ಸ್‌ಟಿ' ಕೂಡ ಅದೇ ಫೋಲ್ಡರಿನಲ್ಲಿದ್ದರೆ ಅದೂ *.ಟಿಎಕ್ಸ್‌ಟಿ ಬಲೆಗೆ ಬೀಳುತ್ತದೆ. ಅದರ ಸರದಿ ಬಂದಾಗ ಸಾರ್ಟ್ ಅಲ್ಲಿಯವರೆಗೆ ಸೇರಿದ್ದನ್ನು ಓದಿ ಇನ್ನೊಮ್ಮೆ ಸೇರಿಸುತ್ತದೆ. ಇಂಗ್ಲಿಷ್ ಅಕ್ಷರಕ್ರಮದಲ್ಲಿ ಅದಕ್ಕಿಂತ ಮುಂದಿರುವ ದಾದರ್, ಮೀರಾ ರೋಡ್‌ನವರು ಎರಡೆರಡು ಸಲ ಬರುತ್ತಾರೆ, ಠಾಣೆ, ವಿರಾರ್‌ನವರು ಒಂದೇ ಸಲ. ಚಂದಾ ಲೆಕ್ಕ ಹಾಕುವಾಗ ಇದು ತಲೆ ತಿನ್ನುತ್ತದೆ. ಒಟ್ಟು ಫೈಲನ್ನು ಬೇರೆ ಫೋಲ್ಡರಿಗೆ ಬರೆಯಿರಿ.

ಮುಂದಿನ ಸಲ ಏನಾದರೂ ಕೈಕೊಟ್ಟರೆ, > ತೆಗೆದು, ಸಾರ್ಟ್ ಜಾಗದಲ್ಲಿ ಎಕೋ (ಕೊಟ್ಟದ್ದನ್ನು ತೆರೆಯ ಮೇಲೆ ತೋರಿಸುವ ಕಮಾಂಡ್) ಇಟ್ಟು, ಹೆಸರಿನ ಎರಡೂ ಬದಿಗೆ ಒಂದೊಂದು ಕಂಸ ಬರುವಂತೆ ಸುಮ್ನೆ ಓಡಿಸಿ ನೋಡಿ. ಎಲ್ಲಿ ತುಂಡಾಗಿದೆ ಅಂತ ಕಣ್ಣಿಗೇ ಕಾಣುತ್ತದೆ.

ಅಂದ ಹಾಗೆ, ನಿಮ್ಮ ಲೂಪ್ ಪ್ರತಿ ಸ್ಟೇಷನ್ನಿನ ಒಳಗೆ ಮಾತ್ರ ವಿಂಗಡಿಸುತ್ತದೆ. ಎಲ್ಲ ಹೆಸರೂ ಒಂದೇ ಕ್ರಮದಲ್ಲಿ ಬೇಕಿದ್ದರೆ ಲೂಪೇ ಬೇಡ. ಸಾರ್ಟ್ ಮುಂದೆ *.ಟಿಎಕ್ಸ್‌ಟಿ ಕೊಡಿ, 14 ಫೈಲನ್ನೂ ಒಟ್ಟಿಗೇ ನುಂಗುತ್ತದೆ.