ಅಮ್ಮನ ಹಳೇ ಲ್ಯಾಂಡ್‌ಲೈನ್ ಇಟ್ಕೊಳ್ಳಬೇಕಾ?

ಪ್ರಶ್ನೆ: ಮೈಸೂರಿನಲ್ಲಿ ಅಮ್ಮ ಒಬ್ಬರೇ ಇದ್ದಾರೆ. ಮನೆಗೆ ಫೈಬರ್ ಇಂಟರ್‌ನೆಟ್ ಹಾಕಿಸಬೇಕು. ಯಾವ ಕಂಪನಿ ಒಳ್ಳೆಯದು? ಬಿಎಸ್‌ಎನ್‌ಎಲ್‌ನ ಹಳೇ ಲ್ಯಾಂಡ್‌ಲೈನ್ ತೆಗೆಸಿಬಿಡಲಾ?

ಉತ್ತರ: ಕಂಪನಿ ಯಾವುದು ಅಂತ ನನ್ನನ್ನಲ್ಲ, ಅಮ್ಮನ ಪಕ್ಕದ ಮನೆಯವರನ್ನು ಕೇಳಿ. ಅದೇ ಕಂಪನಿ ಒಂದು ಬೀದಿಯಲ್ಲಿ ಚೆನ್ನಾಗಿರುತ್ತದೆ, ಮುಂದಿನ ಬೀದಿಯಲ್ಲಿ ಗೋಳು. ಕೇಬಲ್ ತುಂಡಾದರೆ ಎಷ್ಟು ಹೊತ್ತಿಗೆ ಬಂದು ಸರಿ ಮಾಡ್ತಾರೆ ಅನ್ನೋದೇ ಮುಖ್ಯ. ವಿಡಿಯೋ ಕಾಲ್‌ಗೆ, ಟೀವಿಗೆ 50 ಎಂಬಿಪಿಎಸ್ ಧಾರಾಳ ಸಾಕು, ಸುಮ್ನೆ ಜಾಸ್ತಿ ಸ್ಪೀಡಿಗೆ ದುಡ್ಡು ಸುರಿಯಬೇಡಿ. ಜಾಹೀರಾತಿನ ದರದ ಮೇಲೆ ಸಾಮಾನ್ಯವಾಗಿ 18% ಜಿಎಸ್‌ಟಿ ಬೇರೆ.

ಲ್ಯಾಂಡ್‌ಲೈನ್ ವಿಷಯದಲ್ಲಿ ಆತುರ ಬೇಡ. ತಾಮ್ರದ ತಂತಿಯ ಫೋನಿಗೆ ಕರೆಂಟು ಬರುವುದು ಟೆಲಿಫೋನ್ ಎಕ್ಸ್‌ಚೇಂಜ್‌ನ ಬ್ಯಾಟರಿಯಿಂದ, ಸುಮಾರು 48 ವೋಲ್ಟ್, ಹಾಗಾಗಿ ಮನೆಯಲ್ಲಿ ಕರೆಂಟು ಹೋದರೂ ಅದು ಟ್ರಿಣ್ ಅನ್ನುತ್ತದೆ. ಫೈಬರ್ ಜೊತೆ ಕೊಡುವ ಫೋನ್ ಹಾಗಲ್ಲ. ಅದು ನಡೆಯುವುದು ಗೋಡೆಗೆ ಹೊಡೆದ ಪುಟ್ಟ ಮೋಡೆಮ್ ಡಬ್ಬದಿಂದ, ಆ ಡಬ್ಬಕ್ಕೆ ಮನೆಯ ಕರೆಂಟೇ ಬೇಕು. ಕರೆಂಟು ಹೋಗಿ ಅದರ ದೀಪ ಆರಿತೋ, ಫೋನೂ ಸತ್ತಂತೆ. ನಮ್ಮನೆಯಲ್ಲಿ ಹೋದ ಮಳೆಗಾಲದಲ್ಲಿ ಇದೇ ಆಯಿತು, ಅತ್ತೆ ರಿಸೀವರ್ ಹಿಡಿದುಕೊಂಡು 'ಹಲೋ ಹಲೋ' ಅಂತಲೇ ಇದ್ದರು! ಆಮೇಲೆ ಒಂದು ಮಿನಿ ಯುಪಿಎಸ್ ತಂದೆವು, ಅಂದರೆ ಕರೆಂಟು ಹೋದಾಗ ಆ ಡಬ್ಬವನ್ನು ನಡೆಸುವ ಪುಟ್ಟ ಬ್ಯಾಟರಿ. ಡಬ್ಬದ ಅಡಾಪ್ಟರ್ ಎಷ್ಟು ವೋಲ್ಟಿನದು ಅಂತ ನೋಡಿಕೊಂಡೇ ಕೊಳ್ಳಿ.

ಇನ್ನೊಂದು, ಮೊಬೈಲ್ ನಂಬರಿನ ಹಾಗೆ ಲ್ಯಾಂಡ್‌ಲೈನ್ ನಂಬರನ್ನು ಬೇರೆ ಕಂಪನಿಗೆ ಒಯ್ಯೋಕಾಗಲ್ಲ. ಅಮ್ಮನಿಗೆ ಅದೇ ನಂಬರ್ ಬೇಕಿದ್ದರೆ, ಹಳೇ ನಂಬರ್ ಉಳಿಸಿಕೊಂಡೇ ಫೈಬರ್ ಕೊಡ್ತೀರಾ ಅಂತ ಮೊದಲು ಬಿಎಸ್‌ಎನ್‌ಎಲ್ ಕಚೇರಿಯಲ್ಲೇ ವಿಚಾರಿಸಿ.