ಧ್ಯಾನಕ್ಕೆ ಕೂತರೆ ತಲೆ ಇನ್ನೂ ಜಾಸ್ತಿ ಓಡುತ್ತದೆ, ಇದು ನನಗೆ ಆಗಲ್ಲ ಅಂತಾನಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಪಿಎಚ್‌ಡಿ ಎರಡನೇ ವರ್ಷ. ಯೂನಿವರ್ಸಿಟಿಯಲ್ಲಿ ವಾರಕ್ಕೊಂದು ಮೈಂಡ್‌ಫುಲ್‌ನೆಸ್ (ಈ ಕ್ಷಣ ಏನಾಗುತ್ತಿದೆ ಅನ್ನುವುದನ್ನು ಸುಮ್ನೆ ಗಮನಿಸುವ ಧ್ಯಾನ) ಸೆಷನ್ ಶುರುವಾಗಿದೆ, ಮೂರು ವಾರ ಹೋಗಿದ್ದೀರಿ, ಪಕ್ಕದಲ್ಲಿ ಕೂತವರೆಲ್ಲ ಆರಾಮಾಗಿ ಕಾಣುತ್ತಾರೆ, ನಿಮಗೆ ಮಾತ್ರ ಕಣ್ಣು ಮುಚ್ಚಿದ ತಕ್ಷಣ ತಲೆಯೊಳಗೆ ಸಂತೆ. ಬಿಟ್ಟುಬಿಡಲಾ, ಅಥವಾ ಇದೆಲ್ಲ ಬರೀ ನಾಟಕವಾ ಅಂತ ಕೇಳಿದ್ದೀರಿ.

ಮೊದಲು ಆ ಪಕ್ಕದವರ ವಿಷಯ. ಅವರ ತಲೆಯೊಳಗೂ ಸಂತೆಯೇ, ಹೊರಗೆ ಕೇಳಿಸುವುದಿಲ್ಲ ಅಷ್ಟೇ. ನಾನು ಒಂಬತ್ತು ವರ್ಷದಿಂದ ಇಂಥ ಗುಂಪುಗಳಲ್ಲಿ ಕೂರುತ್ತಿದ್ದೇನೆ, ಮೊದಲು ವಿದ್ಯಾರ್ಥಿಯಾಗಿ, ಈಗ ಪಾಠ ಮಾಡುವವನಾಗಿ. ಆ ಹೊತ್ತಿನಲ್ಲಿ ಯಾರಾದರೂ ನನ್ನ ಮುಖ ನೋಡಿದರೆ ಮಹಾ ಶಾಂತ ಮನುಷ್ಯ ಅಂದುಕೊಳ್ಳಬೇಕು. ಹೋದ ವಾರದ ಇಪ್ಪತ್ತು ನಿಮಿಷದಲ್ಲಿ ಹದಿನೈದು ನಿಮಿಷ ನಾನು, ಒಬ್ಬ ಸಹೋದ್ಯೋಗಿಗೆ ಮೀಟಿಂಗಿನಲ್ಲಿ ಏನು ತಿರುಗೇಟು ಕೊಡಬೇಕಿತ್ತು ಅಂತ ಡೈಲಾಗ್ ಬರೆಯುತ್ತಿದ್ದೆ. ಒಳ್ಳೆಯ ಡೈಲಾಗೇ ಬಂತು.

ಇದು ಎಲ್ಲರ ಮನಸ್ಸಿನ ಹಣೆಬರಹ. ಹಾರ್ವರ್ಡ್‌ನ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 2,250 ಜನರನ್ನು ದಿನದ ಯಾವ್ಯಾವುದೋ ಹೊತ್ತಿನಲ್ಲಿ ಫೋನಿನ ಮೂಲಕ ತಡೆದು, ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯಾ ಅಂತ ಕೇಳಿದ್ದರು. ಸುಮಾರು 47% ಸಲ ಮನಸ್ಸು ಬೇರೆಲ್ಲೋ ಇತ್ತು. ಅಂದರೆ ಎಚ್ಚರವಿರುವ ಹೊತ್ತಿನಲ್ಲಿ ಹತ್ತಿರಹತ್ತಿರ ಅರ್ಧ ಭಾಗ ನಾವು ಇದ್ದಲ್ಲಿ ಇರುವುದೇ ಇಲ್ಲ. ನಮ್ಮ ಭಾಷೆಯಲ್ಲಿ 'ಗಮನ' ಅನ್ನುವ ಪದಕ್ಕೆ ಹೋಗುವುದು ಅನ್ನುವ ಅರ್ಥವೂ ಇದೆ, ನೋಡಿ. ಹೋಗುವುದೇ ಅದರ ಕಸುಬು. ಹೋಗಿದೆ ಅಂತ ನಿಮಗೆ ಗೊತ್ತಾಗುವ ಆ ಕ್ಷಣ ಇದೆಯಲ್ಲ, ಅಯ್ಯೋ ಮತ್ತೆ ಎಲ್ಲೋ ಹೋಗಿಬಿಟ್ಟೆ ಅನ್ನಿಸುವ ಕ್ಷಣ, ಅಭ್ಯಾಸ ಅಂದರೆ ಅದು. ನೀವು ಸೋತೆ ಅಂತ ಲೆಕ್ಕ ಹಾಕುತ್ತಿರುವುದನ್ನು ನಾನು ಒಂದು ಅಂಕ ಅಂತ ಲೆಕ್ಕ ಹಾಕುತ್ತೇನೆ.

ಇದು ನನಗೆ ಸುಲಭವಾಗಿ ತಿಳಿದದ್ದಲ್ಲ. ಮೊದಲ ಸಲ ಹೋದಾಗ ನಡೆಸುತ್ತಿದ್ದವರು "ಮನಸ್ಸನ್ನು ಖಾಲಿ ಮಾಡಿ, ಯಾವ ಯೋಚನೆಯೂ ಬರಬಾರದು" ಅಂದರು. ನಾನು ಪರೀಕ್ಷೆಗೆ ಓದುವವನ ಹಾಗೆ ಹಟ ಹಿಡಿದು ಖಾಲಿ ಮಾಡಲು ಹೋದೆ. ಎರಡು ವಾರ ಹೋಗಿ, ತಲೆನೋವು ಬರಿಸಿಕೊಂಡು ಬಿಟ್ಟೆ. ಒಂದು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಆಮೇಲೆ ಸೇರಿದ್ದು ಎಂಟು ವಾರದ ಮೈಂಡ್‌ಫುಲ್‌ನೆಸ್ ಕೋರ್ಸಿಗೆ. ಇದರ ಮೂಲ ಜಾನ್ ಕಬಾಟ್-ಜಿನ್ ಅನ್ನುವವರು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಮೆಡಿಕಲ್ ಸ್ಕೂಲಿನಲ್ಲಿ ಶುರು ಮಾಡಿದ್ದು. ಬಹಳ ಕಾಲದ ನೋವು ಇದ್ದವರು, ವೈದ್ಯರು ಇನ್ನೇನೂ ಮಾಡಲಾಗದೆ ಕೈಬಿಟ್ಟವರು, ಇಂಥವರಿಗಾಗಿ. ಬೌದ್ಧರ ಧ್ಯಾನ ಮತ್ತು ಯೋಗದಿಂದ ತೆಗೆದುಕೊಂಡು, ಧಾರ್ಮಿಕ ಭಾಗ ಬಿಟ್ಟು, ಆಸ್ಪತ್ರೆಯೊಳಗೆ ನಡೆಯುವ ಹಾಗೆ ಮಾಡಿದರು. ಮೊದಲ ಕ್ಲಾಸಿನಲ್ಲಿ ಒಂದು ಒಣದ್ರಾಕ್ಷಿ ಕೊಟ್ಟು, ನೋಡಿ, ಮುಟ್ಟಿ, ಮೂಸಿ, ಆಮೇಲೆ ನಿಧಾನವಾಗಿ ಬಾಯಿಗೆ ಹಾಕಿಕೊಳ್ಳಿ ಅನ್ನುತ್ತಾರೆ. ನನಗೆ ನಗು ಬಂದಿತ್ತು. ಆದರೆ ಬಾಡಿ ಸ್ಕ್ಯಾನ್ ಹಾಗಾಗಲಿಲ್ಲ. ಮಲಗಿಕೊಂಡು ಕಾಲಿನ ಬೆರಳಿನಿಂದ ನೆತ್ತಿವರೆಗೆ ಒಂದೊಂದೇ ಜಾಗದಲ್ಲಿ ಏನು ಅನ್ನಿಸುತ್ತಿದೆ ಅಂತ ಗಮನಿಸುತ್ತಾ ಹೋಗುವುದು. ಮೈಮರೆಯುವುದು ಅನ್ನುತ್ತೇವಲ್ಲ, ಇದು ಅದರ ಉಲ್ಟಾ. ನಾವು ಓದುವ ಬರೆಯುವ ಜನ ಕುತ್ತಿಗೆಯಿಂದ ಕೆಳಗೆ ಮೈಯೊಂದಿದೆ ಅನ್ನುವುದನ್ನೇ ಮರೆತು ವರ್ಷಗಟ್ಟಲೆ ಬದುಕುತ್ತೇವೆ.

ಅದು ಕೆಲಸಕ್ಕೆ ಬಂದದ್ದು ಹೇಗೆ ಅಂತ ಹೇಳುತ್ತೇನೆ. ಆಗ ನನಗೊಂದು ಕಾಯಿಲೆ ಇತ್ತು, ಮೇಲ್ ಕಾಯಿಲೆ ಅನ್ನೋಣ. ಇನ್‌ಬಾಕ್ಸ್‌ನಲ್ಲಿ ಗೈಡ್ ಹೆಸರು ದಪ್ಪ ಅಕ್ಷರದಲ್ಲಿ ಕಂಡರೆ ಸಾಕು, ತೆರೆಯುವ ಮುಂಚೆಯೇ ಒಳಗೆ ಎಲ್ಲ ಮುಗಿದುಹೋಗುತ್ತಿತ್ತು: ಥೀಸಿಸ್ ಒಪ್ಪಲ್ಲ, ಫೆಲೋಶಿಪ್ ನಿಲ್ಲುತ್ತೆ, ಮನೆಯವರಿಗೆ ಏನು ಹೇಳೋದು. ಕೋರ್ಸಿನ ಐದನೇ ವಾರವೋ ಆರನೇ ವಾರವೋ ಇರಬೇಕು. ರಾತ್ರಿ ಹತ್ತೂವರೆ, ಲ್ಯಾಬಿನಲ್ಲಿ ನಾನೊಬ್ಬನೇ. ಮೇಲ್ ಬಂತು. ಬೆರಳು ಮೌಸ್ ಮೇಲಿದೆ. ಆಗ ಗೊತ್ತಾಯಿತು, ನಾನು ಉಸಿರೇ ಆಡುತ್ತಿಲ್ಲ. ಭುಜ ಎರಡೂ ಕಿವಿ ಹತ್ತಿರ ಬಂದಿವೆ, ಹಲ್ಲು ಕಚ್ಚಿಕೊಂಡಿದ್ದೇನೆ, ಕಾಲಿನ ಬೆರಳು ಶೂ ಒಳಗೆ ಮುದುಡಿಕೊಂಡಿವೆ. ಮೇಲ್ ಇನ್ನೂ ತೆರೆದೇ ಇಲ್ಲ! ಉಸಿರು ಬಿಟ್ಟೆ. ಭುಜ ತಾನಾಗಿ ಇಳಿಯಿತು. ಆಮೇಲೆ ತೆರೆದೆ. ಮೂರನೇ ಚಾಪ್ಟರ್ ಸರಿಯಾಗಿಲ್ಲ, ಸೋಮವಾರ ಬಂದು ನೋಡು ಅಂತಿತ್ತು. ಚಾಪ್ಟರ್ ನಿಜವಾಗಿಯೂ ಸರಿ ಇರಲಿಲ್ಲ. ಮಾಮೂಲಾಗಿ ಇಂಥ ಮೇಲ್ ಬಂದ ರಾತ್ರಿ ಎರಡು ಗಂಟೆವರೆಗೆ ಉತ್ತರ ಬರೆದು, ಅಳಿಸಿ, ಮತ್ತೆ ಬರೆದು ಕೂರುತ್ತಿದ್ದವನು, ಅವತ್ತು "ಸರಿ ಸರ್, ಬರುತ್ತೇನೆ" ಅಂತ ಮೂರು ಪದ ಬರೆದು ಮಲಗಿದೆ.

ಎಂಟು ವಾರಕ್ಕೆ ನನಗೆ ದಕ್ಕಿದ್ದು ಇಷ್ಟೇ, ಮೂರು ಸೆಕೆಂಡಿನ ಒಂದು ಬಿಡುವು. ಸಣ್ಣದು ಅನ್ನಿಸಬಹುದು. ನನಗೆ ಆ ವರ್ಷ ಅದು ದೊಡ್ಡದಾಗಿತ್ತು.

ಈಗ ನಾಟಕದ ವಿಷಯ. ನಿಮ್ಮ ಅನುಮಾನ ಪೂರ್ತಿ ಸುಳ್ಳಲ್ಲ. ನಾನು ಇದ್ದ ಒಂದು ವಿಭಾಗದಲ್ಲಿ ಒಂದೇ ವಾರಕ್ಕೆ ಮೂರು ಸಬ್ಮಿಷನ್ ಇಟ್ಟಿದ್ದರು. ವಿದ್ಯಾರ್ಥಿಗಳೆಲ್ಲ ಸೇರಿ ಪತ್ರ ಕೊಟ್ಟರು. ಉತ್ತರವಾಗಿ ಒಂದು ದಿನದ ಮೈಂಡ್‌ಫುಲ್‌ನೆಸ್ ಕಾರ್ಯಾಗಾರ ಬಂತು. ಬ್ಯಾನರ್ ಇತ್ತು, ಸರ್ಟಿಫಿಕೇಟ್ ಇತ್ತು, ಸಬ್ಮಿಷನ್ ತಾರೀಕು ಮಾತ್ರ ಇದ್ದಲ್ಲೇ ಇತ್ತು. ಇಂಥದ್ದನ್ನು ನೋಡಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಕೆಲಸದ ಹೊರೆ ಜಾಸ್ತಿ ಇಟ್ಟು, ಅದನ್ನು ಹೊರಲು ಆಗದಿದ್ದರೆ ನಿನ್ನ ಉಸಿರಾಟ ಸರಿಯಿಲ್ಲ ಅನ್ನುವುದು ಯಾವ ನ್ಯಾಯ, ಅಲ್ವಾ?

ಆದರೆ ಒಂದು ತಮಾಷೆ ಏನೆಂದರೆ, ಅವತ್ತಿನ ಕಾರ್ಯಾಗಾರದಲ್ಲಿ ಸುಮ್ನೆ ಕಣ್ಣು ಮುಚ್ಚಿ ಕೂತಾಗಲೇ ನನಗೆ ಆಗುತ್ತಿರುವುದು ಒತ್ತಡ ಅಲ್ಲ, ಕೋಪ ಅಂತ ಸ್ಪಷ್ಟವಾಗಿ ತಿಳಿದದ್ದು. ಎದೆ ಬಿಸಿ, ಕೈ ಮುಷ್ಟಿ. ಒತ್ತಡ ಆದರೆ ಮುದುಡಿ ಮಲಗಬೇಕು ಅನ್ನಿಸುತ್ತದೆ, ಕೋಪಕ್ಕೆ ಒಂದು ವಿಳಾಸ ಇರುತ್ತದೆ. ನಾವು ನಾಲ್ಕು ಜನ ಮೂರು ವಿಷಯಗಳ ತಾರೀಕುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಕೂಗಾಡದೆ, ವಿಭಾಗದ ಮುಖ್ಯಸ್ಥರ ಹತ್ತಿರ ಮತ್ತೆ ಹೋದೆವು. ಒಂದು ಸಬ್ಮಿಷನ್ ಹತ್ತು ದಿನ ಮುಂದೆ ಹೋಯಿತು. ಕೂತರೆ ಎಲ್ಲ ಸಹಿಸಿಕೊಳ್ಳುವವರಾಗುತ್ತೇವೆ ಅಂತ ಕೆಲವರು ಹೆದರುತ್ತಾರೆ, ಕೆಲವು ಆಡಳಿತದವರು ಹಾಗೇ ಆಗಲಿ ಅಂತ ಆಸೆಪಡುತ್ತಾರೆ. ನನ್ನ ಅನುಭವ ಹಾಗಿಲ್ಲ.

ಸಂಶೋಧನೆ ಏನು ಹೇಳುತ್ತದೆ ಅಂತಲೂ ಕೇಳಿದ್ದೀರಿ. ನಮ್ಮಂಥವರಿಗೆ ಹತ್ತಿರದ್ದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಅಧ್ಯಯನ. 616 ವಿದ್ಯಾರ್ಥಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಮಾಮೂಲು ಕೌನ್ಸೆಲಿಂಗ್ ಸೌಲಭ್ಯದ ಜೊತೆಗೆ ಎಂಟು ವಾರದ ಮೈಂಡ್‌ಫುಲ್‌ನೆಸ್ ಕೋರ್ಸ್ ಕೊಟ್ಟರು, ಇನ್ನೊಂದು ಪಾಲಿಗೆ ಬರೀ ಮಾಮೂಲು ಸೌಲಭ್ಯ. ಅಳೆದದ್ದು ಕೋರ್ಸ್ ಮುಗಿದ ಖುಷಿಯಲ್ಲಲ್ಲ, ಪರೀಕ್ಷೆಯ ಹೊತ್ತಿನಲ್ಲಿ, ಅದು ನನಗೆ ಹಿಡಿಸಿತು. ಕೋರ್ಸ್ ಮಾಡಿದವರಲ್ಲಿ ಮಾನಸಿಕ ಸಂಕಟ ಕಡಿಮೆ ಇತ್ತು. 2018ರಲ್ಲಿ ಅದು ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆದರೆ ಇದರ ಎದುರಿಗೆ ಇನ್ನೊಂದನ್ನೂ ಇಡಬೇಕು. ಬ್ರಿಟನ್ನಿನ 85 ಶಾಲೆಗಳಲ್ಲಿ, 11ರಿಂದ 14 ವರ್ಷದ ಎಂಟು ಸಾವಿರಕ್ಕೂ ಜಾಸ್ತಿ ಮಕ್ಕಳ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಕ್ಲಾಸಿನಲ್ಲಿ ಎಲ್ಲರಿಗೂ ಕಲಿಸಿದರೂ ಮಾಮೂಲು ಪಾಠಕ್ಕಿಂತ ಏನೂ ಹೆಚ್ಚು ಪ್ರಯೋಜನ ಕಾಣಲಿಲ್ಲ. ಹೆಚ್ಚಿನ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಅಲ್ಲಿ ಕೇಂಬ್ರಿಡ್ಜಿನಲ್ಲಿ ಬೇಕು ಅಂತ ಬಂದವರು, ಇಲ್ಲಿ ಟೈಮ್‌ಟೇಬಲ್‌ನಲ್ಲಿ ಇದೆ ಅಂತ ಕೂತವರು. ನನ್ನ ಲೆಕ್ಕದಲ್ಲಿ ವ್ಯತ್ಯಾಸದ ದೊಡ್ಡ ಪಾಲು ಅಲ್ಲಿದೆ. ನಿಮ್ಮ ಯೂನಿವರ್ಸಿಟಿ ಇದಕ್ಕೆ ಹಾಜರಿ ಕಡ್ಡಾಯ ಮಾಡುವ ಯೋಚನೆಯಲ್ಲಿದೆ ಅಂತ ಬರೆದಿದ್ದೀರಿ, ದಯವಿಟ್ಟು ವಿರೋಧಿಸಿ.

ಇನ್ನು, ಇದು ಎಲ್ಲಕ್ಕೂ ಮದ್ದು ಅನ್ನುವವರನ್ನು ನಂಬಬೇಡಿ. 2014ರಲ್ಲಿ ಧ್ಯಾನದ ಬಗೆಗಿನ 47 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ವರದಿಯೊಂದು ಜಾಮಾ ಇಂಟರ್ನಲ್ ಮೆಡಿಸಿನ್ ಅನ್ನುವ ಪತ್ರಿಕೆಯಲ್ಲಿ ಬಂದಿತ್ತು. ಆತಂಕ, ಖಿನ್ನತೆ, ನೋವು, ಇವುಗಳಿಗೆ ಸ್ವಲ್ಪ ಮಟ್ಟಿಗೆ ಉಪಯೋಗವಿದೆ, ಆದರೆ ವ್ಯಾಯಾಮ ಅಥವಾ ಔಷಧಿಗಿಂತ ಮೇಲು ಅನ್ನಲು ಪುರಾವೆ ಸಿಗಲಿಲ್ಲ ಅಂತ ಅದರ ಸಾರ. ಹಾಗಾಗಿ ನಿಮಗೆ ಸಂಜೆ ಓಡುವುದರಿಂದ ತಲೆ ಹಗುರಾಗುತ್ತದೆ ಅಂದರೆ ಓಡಿ. ಯಾರ ಅನುಮತಿಯೂ ಬೇಡ.

ಒಂದು ವಿಷಯ ಮಾತ್ರ ಗಂಭೀರವಾಗಿ ಹೇಳುತ್ತೇನೆ. ಕಣ್ಣು ಮುಚ್ಚಿದಾಗ ನಿಮಗೆ ಬರುವುದು ಬರೀ ಸಂತೆಯಾದರೆ ತೊಂದರೆ ಇಲ್ಲ. ಆದರೆ ಹಳೆಯ ಕೆಟ್ಟ ಘಟನೆ ಕಣ್ಣಮುಂದೆ ನಡೆದ ಹಾಗೆ ಬರುವುದು, ಎದೆ ಹೊಡೆದುಕೊಂಡು ಓಡಿಹೋಗಬೇಕು ಅನ್ನಿಸುವುದು, ಸೆಷನ್ ಮುಗಿದ ಮೇಲೂ ಸುತ್ತಲಿನದೆಲ್ಲ ನಿಜ ಅಲ್ಲವೇನೋ ಅನ್ನಿಸುವುದು, ಇಂಥದ್ದೇನಾದರೂ ಇದ್ದರೆ ಹಟ ಮಾಡಿ ಕೂರಬೇಡಿ. ಬ್ರೌನ್ ವಿಶ್ವವಿದ್ಯಾಲಯದ ವಿಲೋಬಿ ಬ್ರಿಟನ್ ಅನ್ನುವ ಸಂಶೋಧಕಿ ಧ್ಯಾನದಿಂದ ತೊಂದರೆ ಆದವರ ಬಗ್ಗೆಯೇ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ, ಇದು ಯಾರದೋ ಕಲ್ಪನೆ ಅಲ್ಲ. ಕಣ್ಣು ತೆರೆಯಿರಿ, ಪಾದ ನೆಲಕ್ಕೆ ಒತ್ತಿ, ಎದ್ದು ಹೊರಗೆ ಬನ್ನಿ, ಆಮೇಲೆ ಕೌನ್ಸೆಲರ್ ಹತ್ತಿರ ಮಾತಾಡಿ. ಹಾಗೆಯೇ ಎರಡು ವಾರದಿಂದ ನಿದ್ದೆ ಇಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ, ಬದುಕೇ ಬೇಡ ಅನ್ನಿಸುತ್ತದೆ ಅನ್ನುವ ಹಾಗಿದ್ದರೆ ಧ್ಯಾನದ ಮಾತೇ ಬೇಡ, ಇವತ್ತೇ ಡಾಕ್ಟರ್ ಹತ್ತಿರ ಹೋಗಿ.

ಅಂಥದ್ದೇನೂ ಇಲ್ಲ ಅಂದರೆ, ಬಿಡುವ ಮುಂಚೆ ಅಳತೆ ಕಡಿಮೆ ಮಾಡಿ ನೋಡಿ. ಹಳೆಯ ಎಂಟು ವಾರದ ಕೋರ್ಸಿನಲ್ಲಿ ಮನೆಯಲ್ಲಿ ದಿನಕ್ಕೆ 45 ನಿಮಿಷ ಕೂರಬೇಕು ಅನ್ನುತ್ತಾರೆ. ಥೀಸಿಸ್ ಬರೆಯುವವರಿಗೆ ಅದು ಇನ್ನೊಂದು ಹೋಂವರ್ಕ್, ಮಾಡದಿದ್ದರೆ ಇನ್ನೊಂದು ಪಾಪಪ್ರಜ್ಞೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗೆ ಅಂತಲೇ ಇಬ್ಬರು ಮನೋವೈದ್ಯೆಯರು ಕೋರು ಅನ್ನುವ ಕೋರ್ಸ್ ಮಾಡಿದರು, ಅದರಲ್ಲಿ 75 ನಿಮಿಷದ ನಾಲ್ಕೇ ಕ್ಲಾಸು, ದಿನಕ್ಕೆ ಹತ್ತು ನಿಮಿಷದ ಅಭ್ಯಾಸ. ನಾನು ನನ್ನ ವಿದ್ಯಾರ್ಥಿಗಳಿಗೆ ಐದರಿಂದಲೇ ಶುರು ಮಾಡಿ ಅನ್ನುತ್ತೇನೆ. ಕಣ್ಣು ಮುಚ್ಚಲೇಬೇಕು ಅಂತಿಲ್ಲ, ಎದುರಿನ ನೆಲ ನೋಡಿದರೂ ಆಯಿತು. ಉಸಿರನ್ನು ಗಮನಿಸಿದರೆ ಉಸಿರುಕಟ್ಟಿದ ಹಾಗಾಗುತ್ತದೆ ಅನ್ನುವವರು ತುಂಬಾ ಜನ ಇದ್ದಾರೆ, ಅಂಥವರು ಪಾದಕ್ಕೆ ನೆಲ ತಾಗುವುದನ್ನೋ ಫ್ಯಾನಿನ ಸದ್ದನ್ನೋ ಹಿಡಿದುಕೊಳ್ಳಲಿ. ಕೂರಲೇ ಆಗುವುದಿಲ್ಲ ಅಂದರೆ ಲೈಬ್ರರಿಯಿಂದ ಹಾಸ್ಟೆಲಿಗೆ ಹೋಗುವಾಗ ಫೋನ್ ಬ್ಯಾಗಿಗೆ ಹಾಕಿ, ಹೆಜ್ಜೆ ನೆಲಕ್ಕೆ ಬೀಳುವುದನ್ನು ಗಮನಿಸುತ್ತಾ ಬರೀ ನೂರು ಹೆಜ್ಜೆ ನಡೆಯಿರಿ. ಮೂವತ್ತಕ್ಕೆ ಲೆಕ್ಕ ತಪ್ಪುತ್ತದೆ, ತಪ್ಪಲಿ, ಮತ್ತೆ ಒಂದರಿಂದ.

ಗುಂಪಿನಲ್ಲಿ ಕೂರುವುದನ್ನು ಮಾತ್ರ ತಕ್ಷಣ ಬಿಡಬೇಡಿ ಅನ್ನುತ್ತೇನೆ, ಅದಕ್ಕೆ ಕಾರಣ ಧ್ಯಾನ ಅಲ್ಲ. ಪಿಎಚ್‌ಡಿ ಮಾಡುವವರು ವಾರಗಟ್ಟಲೆ ಗೈಡ್ ಬಿಟ್ಟು ಬೇರೆ ಯಾರ ಜೊತೆಗೂ ಮನಸ್ಸು ಬಿಚ್ಚಿ ಮಾತಾಡಿರುವುದಿಲ್ಲ. ನಮ್ಮ ಬುಧವಾರದ ಗುಂಪಿನಲ್ಲಿ ಆಫೀಸಿನ ಕ್ಲರ್ಕ್ ಒಬ್ಬರು, ಫಸ್ಟ್ ಇಯರ್ ಹುಡುಗರು, ರಿಟೈರ್ ಆಗಲಿರುವ ಪ್ರೊಫೆಸರ್ ಒಬ್ಬರು ಒಂದೇ ಸಾಲಿನಲ್ಲಿ ಕೂರುತ್ತಾರೆ. ಆ ಪ್ರೊಫೆಸರ್ ಒಮ್ಮೆ ಎದ್ದ ಮೇಲೆ, "ಇವತ್ತು ಪೂರ್ತಿ ಇಪ್ಪತ್ತು ನಿಮಿಷ ಪೆನ್ಷನ್ ಲೆಕ್ಕ ಹಾಕಿದೆ" ಅಂದರು. ಹುಡುಗರೆಲ್ಲ ಜೋರಾಗಿ ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ತಾವು ಎಲ್ಲಿಗೆ ಹೋಗಿದ್ದೆವು ಅಂತ ಹೇಳಿಕೊಂಡರು. ನಿಮ್ಮ ಸೆಷನ್ನಿನಲ್ಲೂ ಕೊನೆಗೆ ಐದು ನಿಮಿಷ ಹೀಗೆ ಮಾತಾಡಲು ಬಿಡಿ ಅಂತ ನಡೆಸುವವರನ್ನು ಕೇಳಿ. ಮನಸ್ಸು ಖಾಲಿ ಮಾಡಿ ಅನ್ನುವವರಾದರೆ ಬೇರೆ ಗುಂಪು ಹುಡುಕಿ.

ಮುಂದಿನ ವಾರ ಹೋದರೆ ಬಾಗಿಲ ಹತ್ತಿರದ ಕುರ್ಚಿ ಹಿಡಿಯಿರಿ. ಬೇಕಾದಾಗ ಎದ್ದು ಹೋಗಬಹುದು ಅಂತ ಗೊತ್ತಿದ್ದರೆ ಕೂರುವುದು ಸುಲಭ. ನಾನು ಈಗಲೂ ಅಲ್ಲೇ ಕೂರುವುದು.