ಗೇಮ್ ತಡವರಿಸಿದರೆ ಮೊದಲು ರ‍್ಯಾಮ್ ನೋಡಿ

ಪ್ರಶ್ನೆ: ನನ್ನದು ರೈಜೆನ್ 5 5600ಜಿ ಪ್ರೊಸೆಸರ್, 8 ಜಿಬಿಯ ಒಂದೇ ರ‍್ಯಾಮ್ ಸ್ಟಿಕ್. ಗೇಮ್ ತಡೆತಡೆದು ಓಡುತ್ತದೆ. ಗ್ರಾಫಿಕ್ಸ್ ಕಾರ್ಡ್ ಕೊಳ್ಳಲೇಬೇಕೇ ಸರ್?

ಉತ್ತರ: ಈಗಲೇ ಬೇಡ. ಈ ಚಿಪ್‌ನೊಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ. ನಿಮ್ಮ 8 ಜಿಬಿಯಲ್ಲೇ ಅದಕ್ಕೂ ಪಾಲು. ಡಿಡಿಆರ್4-3200ರ (3200 ಎಂದರೆ ಅದರ ವೇಗ) ಒಂದು ಸ್ಟಿಕ್ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸುತ್ತದೆ, ಎರಡು ಸ್ಟಿಕ್ ಎರಡು ಚಾನೆಲ್‌ನಲ್ಲಿ, ಅಂದರೆ ಪ್ರೊಸೆಸರ್‌ಗೆ ಹೋಗುವ ಎರಡು ಪ್ರತ್ಯೇಕ ದಾರಿಗಳಲ್ಲಿ ಕೂತರೆ 51.2. ಹಾಗಾಗಿ ಅದೇ ವೇಗದ, ಸಾಧ್ಯವಾದರೆ ಅದೇ ಮಾಡೆಲ್‌ನ ಇನ್ನೊಂದು 8 ಜಿಬಿ ತನ್ನಿ. ಬಣ್ಣದ ದೀಪದ ಸ್ಟಿಕ್‌ಗೆ ದುಡ್ಡು ಸುರಿಯಬೇಡಿ, ಬೆಳಕು ಬರುತ್ತದೆಯೇ ಹೊರತು ವೇಗವಲ್ಲ.

ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ, ಆಮೇಲೆ ಕೈಹಾಕಿ. ಬೋರ್ಡ್‌ನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ನೆಯದು. 1-2 ಅಥವಾ 3-4 ಎಂದು ಅಕ್ಕಪಕ್ಕ ಹಾಕಿದರೆ ಎರಡೂ ಒಂದೇ ಚಾನೆಲ್‌ಗೆ ಬಿದ್ದು ಖರ್ಚು ದಂಡ. ಕ್ಲಿಪ್ ‘ಟಕ್’ ಅನ್ನುವವರೆಗೆ ಒತ್ತಿ.

ಹಲವರು ಮರೆಯುವುದು ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪುಟ) ಎಕ್ಸ್‌ಎಂಪಿ, ಅಂದರೆ ಸ್ಟಿಕ್ ಅನ್ನು ಅದರ ಪೂರ್ಣ ವೇಗಕ್ಕೆ ಓಡಿಸುವ ಆಯ್ಕೆ, ಆನ್ ಮಾಡುವುದನ್ನು. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ 3200ರ ಸ್ಟಿಕ್‌ಗೆ 2133 ಅಥವಾ 2666 ಕಂಡರೆ ಅದು ಆಫ್ ಇದೆ ಎಂದರ್ಥ. ಮೊದಲ ಸಲ ಪರದೆ ಒಂದೆರಡು ನಿಮಿಷ ಕಪ್ಪಾಗಿದ್ದರೆ ಗಾಬರಿ ಬೇಡ, ಬೋರ್ಡ್ ಹೊಸ ರ‍್ಯಾಮ್‌ಗೆ ಹೊಂದಿಕೊಳ್ಳುತ್ತಿರುತ್ತದೆ.